ಅತ್ತೆಯ ಜಳಕ

ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಗೆ ಬರುವವರು ಕಡಿಮೆಯಾದರು. ಬಂದವರೂ ಹೊಸ್ತಿಲಲ್ಲೇ ನಿಂತು, "ಗುರ್ತು ಹಿಡೀತಾರೇನ್ರಿ?" ಎಂದು ನನ್ನನ್ನು ಕೇಳುತ್ತಿದ್ದರು. ಅತ್ತೆ ಅಲ್ಲೇ ಕೂತಿರುತ್ತಿದ್ದರು. ಗುರುತು ಹಿಡಿದ ದಿನವೂ ಹಿಡಿಯದವರ ಹಾಗೆ ಗೋಡೆ ನೋಡುತ್ತಿದ್ದರು. ಹಾಗಾಗಿ ದೂರದ ಒಂದು ವೈದ್ಯಕೀಯ ಕಾಲೇಜಿನಿಂದ ಬಂದ ಡಾಕ್ಟರಮ್ಮ ನಮ್ಮ ಐನಾಪುರದ ಮನೆಯ ಕಟ್ಟೆಯ ಮೇಲೆ ಕೂತು, ನನ್ನನ್ನು ಬಿಟ್ಟು ನೇರವಾಗಿ ಅತ್ತೆಗೇ "ಅಜ್ಜಿ, ನಿಮ್ಮ ಜೊತೆ ಸ್ವಲ್ಪ ಮಾತಾಡಬಹುದಾ?" ಎಂದು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಅತ್ತೆಗೆ ಆಗಲಿಲ್ಲ.

"ಮಾತಾಡು. ಕೂತೀದಿ, ಮತ್ತೇನ್ ಮಾಡತಿ," ಎಂದರು.

ಡಾಕ್ಟರಮ್ಮ ಮೈಸೂರು ಕಡೆಯವರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳಲ್ಲಿ ಇಂಥ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಏನು ಸಹಾಯ ಮಾಡಿದರೆ ಉಪಯೋಗವಾಗುತ್ತದೆ ಎಂಬುದರ ಮೇಲೆ ಸಂಶೋಧನೆ ಮಾಡುತ್ತಿದ್ದೇವೆ ಎಂದರು. ಅದಕ್ಕೆ ಮೊದಲು ನೆನಪಿನ ಪರೀಕ್ಷೆ.

"ಈಗ ಯಾವ ಕಾಲ ಅಜ್ಜಿ?"

"ಕಬ್ಬು ಕಡಿಯೂ ಕಾಲ."

ಡಾಕ್ಟರಮ್ಮನ ಹಾಳೆಯಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರೇ ಇದ್ದವು. ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ನಾವೀಗ ಯಾವ ರಾಜ್ಯದಲ್ಲಿದ್ದೀವಿ?"

"ಅದು ಇನ್ನಾ ಕೋರ್ಟಿನ್ಯಾಗ ಐತಿ."

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು, "ಉತ್ತರ ಬರೋಬ್ಬರಿ ಐತ್ರಿ," ಎಂದರು. ಅತ್ತೆಯ ತವರು ಹೊಳೆಯಾಚೆ, ಮಹಾರಾಷ್ಟ್ರದ ಕಡೆ. ನಾಲ್ಕನೆಯ ಇಯತ್ತೆವರೆಗೆ ಮರಾಠಿ ಶಾಲೆಯಲ್ಲಿ ಕಲಿತವರು. ಗಡಿಯ ಗದ್ದಲ ಅವರು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದ ಸುದ್ದಿ. ಹೊಸದು ಮರೆತಿದ್ದರೂ ಹಳೆಯದು ಗಟ್ಟಿಯಾಗಿತ್ತು. ಆಮೇಲೆ ಡಾಕ್ಟರಮ್ಮ ಒಂದು ಘೇಂಡಾಮೃಗದ ಚಿತ್ರ ತೋರಿಸಿ ಇದು ಯಾವ ಪ್ರಾಣಿ ಎಂದು ಕೇಳಿದರು. ಅತ್ತೆ ಬಹಳ ಹೊತ್ತು ನೋಡಿ, "ನಿಮ್ಮ ಕಡೀದಿರಬೇಕು," ಎಂದರು. ಗಡಿಯಾರದ ಚಿತ್ರ ಬರೆಯಿರಿ ಎಂದಾಗ ಗೋಡೆಯ ಕಡೆ ಕೈ ಮಾಡಿ, "ಅಲ್ಲೇ ಐತಲ್ಲ," ಎಂದರು.

ಪ್ರತಿ ಪ್ರಶ್ನೆಗೂ ಅವರು ಮೊದಲು ನನ್ನ ಮುಖ ನೋಡುತ್ತಿದ್ದರು. ನಾನೂ ಸುಮ್ಮನಿರದೆ, ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಗೆ ತುಟಿ ಅಲ್ಲಾಡಿಸಿ ಉತ್ತರ ತೋರಿಸುತ್ತಿದ್ದೆ. ಅವತ್ತು ಮಧ್ಯಾಹ್ನ ಅತ್ತೆ ಊಟ ಮಾಡಲಿಲ್ಲ. ತಾಟು ದೂಡಿ ಗೋಡೆಗೆ ಮುಖ ಮಾಡಿ ಮಲಗಿದರು. ಕಾಯಿಲೆಯ ಲಕ್ಷಣ ಎಂದುಕೊಂಡೆ. ಆಗ ನಾನು ಎಲ್ಲವನ್ನೂ ಕಾಯಿಲೆಯ ಲೆಕ್ಕಕ್ಕೇ ಹಾಕುತ್ತಿದ್ದೆ.

ಹೊರಡುವಾಗ ಡಾಕ್ಟರಮ್ಮ ನನಗೊಂದು ಮಾತು ಹೇಳಿದರು. ಸಂಶೋಧನೆ ಹೇಗೆ ನಡೆಯಬೇಕು ಎಂದು ಡಾಕ್ಟರುಗಳು ಮಾತ್ರ ಕೂತು ತೀರ್ಮಾನ ಮಾಡಿದರೆ ಸರಿಯಾಗುವುದಿಲ್ಲ. ಕಾಯಿಲೆ ಇರುವವರು, ಅವರನ್ನು ನೋಡಿಕೊಳ್ಳುವವರು ಕೂಡ ಜೊತೆಗೆ ಕೂತು ಹೇಳಬೇಕು. ಅದಕ್ಕೊಂದು ಸಲಹಾ ಮಂಡಳಿ ಮಾಡುತ್ತಿದ್ದೇವೆ, ನೀವು ಬರುತ್ತೀರಾ ಎಂದು. ಹಾಗೆ ಬಂದರೆ ನಿಮ್ಮ ಮನೆ ಸಂಶೋಧನೆಯೊಳಗೆ ಬರುವಂತಿಲ್ಲ ಎಂದೂ ಮೊದಲೇ ತಿಳಿಸಿದರು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಇದನ್ನು ಕೇಳಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಸಲಹಾ? ನೀ?"

"ಹೌದು."

"ಕೇಳತಾರಂತ?"

"ಹಂಗಂತ ಹೇಳ್ಯಾರ."

"ಮತ್ತ ಹೋಗು. ಮನ್ಯಾಗ ಯಾರೂ ಕೇಳೂದಿಲ್ಲ," ಎಂದು ಮತ್ತೆ ರೊಟ್ಟಿ ಮುರಿದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದ ಸಂಗತಿ ಹೇಳಿದ್ದರು.

ಮೊದಲ ಸಭೆ ಕಾಲೇಜಿನಲ್ಲೇ ನಡೆಯಿತು. ಬೆಳಕು ಹರಿಯುವ ಮೊದಲು ಎದ್ದು, ಅತ್ತೆಯನ್ನು ನಾದಿನಿಯ ಕೈಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಹೋದೆ. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಇಸ್ತ್ರಿ ಮಾಡಿದ ಅಂಗಿಯ ಗಂಡಸರು. ಅವರ ಮನೆಗಳಲ್ಲಿ ಹಿರಿಯರನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವರು, ನೋಡಿಕೊಳ್ಳುತ್ತ ಮನೆಯಲ್ಲೇ ಇದ್ದರು. ಕಾಯಿಲೆ ಇದ್ದವರಲ್ಲಿ ಬಂದದ್ದು ಒಬ್ಬರು ಮಾತ್ರ. ಕುಡಚಿಯ ಒಬ್ಬ ಚಾಚಾ ತಮ್ಮ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು, ಬಿಟ್ಟು ಬರಲು ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ. ಚಾಚಾ ಮೊದಲು ಸ್ಟೇಷನ್ ಹತ್ತಿರ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದವರು. ಚಾಚಿ ಹೊಲಿಗೆ ಮಾಡುತ್ತಿದ್ದವರು.

ಆ ಸಭಾಂಗಣದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಚಾಚಿ ಬಾಗಿಲಲ್ಲೇ ನಿಂತುಬಿಟ್ಟರು.

"ಪಾನಿ," ಎಂದರು.

ಅದು ನೀರಲ್ಲ, ಫರಸಿ ಕಲ್ಲು ಎಂದು ಒಬ್ಬ ಅಂಗಿಯವರು ವಿವರಿಸಿದರು. ಚಾಚಿ ಅವರ ಕಡೆ ನೋಡಲೂ ಇಲ್ಲ. ಆಗ ಚಾಚಾ ಬಗ್ಗಿ ತಮ್ಮ ಪೈಜಾಮವನ್ನು ಮೊಣಕಾಲತನಕ ಮಡಚಿಕೊಂಡರು. ಚಾಚಿಯೂ ಸಲ್ವಾರು ಎತ್ತಿ ಹಿಡಿದರು. ಇಬ್ಬರೂ ಕೈ ಹಿಡಿದುಕೊಂಡು ಹೊಳೆ ದಾಟುವವರ ಹಾಗೆ ಒಂದೊಂದೇ ಹೆಜ್ಜೆ ಊರುತ್ತ ಕುರ್ಚಿಯ ತನಕ ಬಂದು ಕೂತರು. ಚಾಚಾ ಪೈಜಾಮ ಇಳಿಸಿಕೊಂಡು, "ಹಾಂ, ಶುರು ಮಾಡ್ರಿ," ಎಂದರು.

ಶುರುವಾಯಿತು. ಪರದೆಯ ಮೇಲೆ ಚಿತ್ರಗಳು ಬಂದವು. ಅಂಗಿಯವರು ಪ್ರಶ್ನೆ ಕೇಳಿದರು. ಕೊನೆಗೆ ಏನಾದರೂ ಹೇಳುವುದಿದೆಯೇ ಎಂದಾಗ ಚಾಚಾ ಎದ್ದು ನಿಂತರು.

"ಮುಂದಿನ ಸಲ ನೀವು ನಮ್ಮ ಕಡೆ ಬರ್ರಿ. ನೀವು ಬಂದ್ರ ನಿಮಗ ಒಂದ ತ್ರಾಸು. ನಾವು ಬಂದ್ರ ನಮಗೂ ತ್ರಾಸು, ಇವರಿಗೂ ತ್ರಾಸು. ಬಿಟ್ಟು ಬಂದ್ರ ಅಲ್ಲಿ ನೋಡಕೊಳ್ಳಾವ್ರಿಗೂ ತ್ರಾಸು."

ಡಾಕ್ಟರಮ್ಮ ಒಪ್ಪಿದರು. ಆದರೆ ಯಾವ ಊರು ಎಂಬುದು ತೀರ್ಮಾನವಾಗಲು ಉಳಿದ ಹೊತ್ತೆಲ್ಲ ಹೋಯಿತು. ಚಿಕ್ಕೋಡಿಯವರು ಚಿಕ್ಕೋಡಿ ಎಂದರು. ನಿಪ್ಪಾಣಿಯವರು, ಹೈವೇ ಇರುವುದು ತಮ್ಮ ಊರಿಗೆ ಎಂದರು. ಅಥಣಿಯವರು ತಮ್ಮದು ದೊಡ್ಡ ತಾಲೂಕು ಎಂದರು. ಕೊನೆಗೆ, ರೈಲು ನಿಲ್ಲುತ್ತದೆ ಎನ್ನುವ ಒಂದೇ ಕಾರಣಕ್ಕೆ ಕುಡಚಿ ಗೆದ್ದಿತು. ಮಳೆಗಾಲದಲ್ಲಿ ಸೇತುವೆಯ ಮೇಲೆ ಕೃಷ್ಣೆಯ ನೀರು ಬಂದರೆ ನಾವು ಐನಾಪುರದವರು ಬರಲಾಗುವುದಿಲ್ಲ ಎಂದು ನಾನು ಹೇಳಿದೆ. ಅದು ನನ್ನ ಮೊದಲ ಸಲಹೆ. ಆ ಸಭೆಯ ವರದಿಯಲ್ಲಿ ಅದನ್ನು ಬರೆದುಕೊಂಡಿದ್ದಾರೆ.

ಕುಡಚಿಯಲ್ಲಿ ಒಂದು ಶಾಲೆಯ ಕೋಣೆ ರವಿವಾರ ಸಿಗುತ್ತಿತ್ತು. ನೆಲ ಹೊಳೆಯುತ್ತಿರಲಿಲ್ಲ. ಈ ಸಲ ಮನೆಯ ಹಿರಿಯರೂ ಬಂದಿದ್ದರು, ಅವರ ಜೊತೆ ನಿಜವಾಗಿ ನೋಡಿಕೊಳ್ಳುವವರೂ ಬಂದಿದ್ದರು. ಇಸ್ತ್ರಿ ಅಂಗಿಗಳು ಕಡಿಮೆಯಾದವು. ಬೆಂಚುಗಳು ಸಣ್ಣ ಮಕ್ಕಳವು. ನಾವೆಲ್ಲ ಮೊಣಕಾಲು ಎದೆಗೆ ತಾಗುವ ಹಾಗೆ ಕೂತೆವು. ಅತ್ತೆ ಕೋಣೆಯನ್ನೊಮ್ಮೆ ನೋಡಿ ಮಾಸ್ತರರ ಕುರ್ಚಿಯಲ್ಲಿ ಕೂತರು. ಡಾಕ್ಟರಮ್ಮ ಬೆಂಚಿಗೆ ಹೋದರು.

ಮೊದಲು ಚಹಾ, ತಿಂಡಿ. ತಾಟು ಮುಂದೆ ಬಂದಾಗ ಅತ್ತೆ, "ಇದರಾಗ ಬಟಾಟಿ ಐತೇನು?" ಎಂದು ಕೇಳಿದರು. ನಮ್ಮದು ಜೈನರ ಮನೆ, ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವುದಿಲ್ಲ. ನನ್ನ ಹೆಸರು ಆಗಾಗ ಮರೆಯುತ್ತಿದ್ದ ಅತ್ತೆ ಬಟಾಟೆಯನ್ನು ಮಾತ್ರ ಮರೆತಿರಲಿಲ್ಲ. ಇದೆ ಎಂದು ಗೊತ್ತಾಗಿ, ಅವರಿಗೆ ಚುರುಮುರಿ ತರಿಸಿದರು.

ಡಾಕ್ಟರಮ್ಮ ನಮಗೆ ಕೇಳಿದ್ದು ಇಷ್ಟೇ: ನಮ್ಮ ಹತ್ತಿರ ನೆನಪಿನ ಶಕ್ತಿ ಅಳೆಯುವ ಪರೀಕ್ಷೆಗಳಿವೆ, ಆದರೆ ನಿಮ್ಮ ಮನೆಯಲ್ಲಿ ಯಾವುದು ಸ್ವಲ್ಪ ಸುಧಾರಿಸಿದರೆ ದಿನ ಹಗುರಾಗುತ್ತದೆ? ಪಾಲಬಾವಿಯ ಒಬ್ಬ ಹೆಣ್ಣುಮಗಳು, ಅಪ್ಪ ಮಾರಿಬಿಟ್ಟ ಎಮ್ಮೆಯನ್ನು ಹುಡುಕಿಕೊಂಡು ಹೋಗುತ್ತಾನೆ, ಎಲ್ಲಿ ಅಂತ ಹುಡುಕುವುದು ಎಂದಳು. ಚಾಚಾ, ಹೆಂಡತಿ ಉಪವಾಸ ಇರುತ್ತಾಳೆ, ರಂಜಾನ್ ಮುಗಿದದ್ದು ಅವಳಿಗೆ ಗೊತ್ತಿಲ್ಲ ಎಂದರು. ನೆನಪಿನ ಶಕ್ತಿ ಹೆಚ್ಚಾಗಲಿ ಎಂದು ಯಾರೂ ಹೇಳಲಿಲ್ಲ.

ನಾನು ಜಳಕ ಎಂದೆ. ಜಳಕದ ಹೊತ್ತಾದರೆ ನಮ್ಮ ಮನೆಯಲ್ಲಿ ಯುದ್ಧ. ಅತ್ತೆ ಸೀರೆ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು, ತಂಬಿಗೆ ಎಸೆಯುತ್ತಿದ್ದರು, ಒಮ್ಮೆ ನನ್ನ ಕೈ ಕಚ್ಚಿದ್ದರು. ಇದನ್ನೆಲ್ಲ ವಿವರವಾಗಿ ಹೇಳಿದೆ. ಈ ಕಾಯಿಲೆಯವರಿಗೆ ನೀರಿನ ಅಂಜಿಕೆ ಇರುತ್ತದೆ, ಹೊರಗಿನವರಂತೂ ಮೈ ಮುಟ್ಟುವಂತೆಯೇ ಇಲ್ಲ, ನಾನಾದ್ದರಿಂದ ಇಷ್ಟಾದರೂ ನಡೆಯುತ್ತಿದೆ ಎಂದೂ ಸೇರಿಸಿದೆ. ಬೇರೆ ಹೆಂಗಸರು ತಲೆಯಾಡಿಸಿದರು. ನನಗೆ ಚೆನ್ನಾಗಿ ಹೇಳಿದೆ ಅನಿಸಿತು.

ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿದರು. "ಅಜ್ಜಿ, ನಿಮ್ಮ ಸೊಸೆ ಹೇಳಿದ್ದು ಸರೀನಾ? ನೀರಂದ್ರೆ ನಿಮಗೆ ಆಗೋದಿಲ್ವಾ?"

ಇದು ಮರ್ಯಾದೆಗೆ ಕೇಳಿದ ಪ್ರಶ್ನೆ, ಅತ್ತೆ ಏನೋ ಒಂದು ಹೇಳುತ್ತಾರೆ, ಮುಂದೆ ಹೋಗೋಣ ಎಂದುಕೊಂಡೆ. ಅತ್ತೆ ಚುರುಮುರಿ ತಾಟು ಪಕ್ಕಕ್ಕಿಟ್ಟರು.

"ನೀರು ನನಗ ಸೇರತೈತಿ."

"ಮತ್ತೆ?"

"ಈಕಿ ಸೇರೂದಿಲ್ಲ."

ಚಾಚಾ ಗೋಡೆಯ ಮೇಲಿನ ಮಗ್ಗಿಯ ಪಟ ಓದತೊಡಗಿದರು.

ಅತ್ತೆ ಸಿಟ್ಟಿನಲ್ಲಿರಲಿಲ್ಲ. ಸಣ್ಣಗೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಡಾಕ್ಟರಮ್ಮನಿಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು. "ಸೊಸಿ ಮುಂದ ಬತ್ತಲೆ ಹೆಂಗ ಕುಂದ್ರೂದು ತಂಗಿ? ಈಕಿ ಮದಿವ್ಯಾಗಿ ಬಂದಾಗ ತಲಿ ಮ್ಯಾಲ ಸೆರಗು ಹೆಂಗ ಹೊತಗೊಳ್ಳೂದಂತ ಹೇಳಿಕೊಟ್ಟಾಕಿ ನಾ. ಈಗ ಈಕಿ ನನ್ನ ಸೀರಿ ಬಿಚ್ಚತಾಳ. ಯಾರರೆ ಹೊರಗಿನವರು ಎರದ್ರ ಎರಸಿಕೊಂಡೇನು. ಈಕಿ ಬ್ಯಾಡ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅತ್ತೆ ಮುಂದುವರಿಸಿದರು.

"ಅವತ್ತ ನೀನೂ ಕೇಳಿದಿ. ಅದೇನು, ಇದೇನು. ನನಗ ಒಂದೂ ಬರಲಿಲ್ಲ. ಈಕಿ ಅಲ್ಲೇ ನಿಂತು ತುಟಿ ಅಲ್ಲಾಡಸಾಕತ್ತಿದ್ದಳು. ಸೊಸಿ ಮುಂದ ಕೇಳಬ್ಯಾಡ ಹಂಗ."

"ಆಗಲಿ ಅಜ್ಜಿ," ಎಂದರು ಡಾಕ್ಟರಮ್ಮ. "ಇನ್ನು ಮೇಲೆ ಕೇಳಲ್ಲ."

ಪರೀಕ್ಷೆಯ ದಿನ ಅತ್ತೆ ಯಾಕೆ ಉಣ್ಣಲಿಲ್ಲ ಎನ್ನುವುದು ನನಗೆ ಆಗ ತಿಳಿಯಿತು; ಬೇರೆಲ್ಲ ಹೋದರೂ ಆ ದಿನ ಅವರಲ್ಲಿ ಉಳಿದಿತ್ತು. ಎರಡು ವರ್ಷ ದಿನಾ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕಲಸಿ, ಪೆಟ್ಟು ತಿಂದು ನಾನು ಮಾಡಿದ್ದು ಸೇವೆ ಎಂದು ಊರೆಲ್ಲ ಹೇಳುತ್ತಿತ್ತು, ನಾನೂ ಹಾಗೇ ತಿಳಿದಿದ್ದೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡಕ್ಕೂ ಆ ಮಕ್ಕಳ ಬೆಂಚಿನ ಮೇಲೆ ಜಾಗವಿರಲಿಲ್ಲ. ಚಾಚಾ ಮಗ್ಗಿ ಓದಿ ಮುಗಿಸಿ, ನನ್ನ ಕಡೆ ತಿರುಗಿ, "ಚಾ ತಗೋ ಬೇಟಿ, ಆರೈತಿ," ಎಂದರು. ತಣ್ಣಗಾದ ಚಹಾ ಕುಡಿದೆ.

ಟೆಂಪೊದಲ್ಲಿ ವಾಪಸು ಬರುವಾಗ ಅತ್ತೆ ಹೊಳೆ ನೋಡುತ್ತ, "ಎಲ್ಲಿಗೆ ಹೋಗಿದ್ವಿ?" ಎಂದು ಕೇಳಿದರು. ಹೇಳಿದ್ದನ್ನೆಲ್ಲ ಅವರು ಮರೆತಿದ್ದರು. ನಾನು ಮರೆತಿರಲಿಲ್ಲ. ನನಗೆ ಆ ಕಾಯಿಲೆ ಇಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಅವ್ವಗ ಎರಿ ಅಂತ ನನಗ ಹೇಳಬ್ಯಾಡ ಮತ್ತ," ಎಂದರು. ಅವರಿಗೆ ಹೇಳುವ ವಿಚಾರ ನನಗೂ ಇರಲಿಲ್ಲ. ನಮ್ಮ ಓಣಿಯಲ್ಲಿ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವ ಹೆಂಗಸು ಒಬ್ಬಳಿದ್ದಳು. ಮರುದಿನ ಅವಳನ್ನು ಕರೆಸಿದೆ. ಮುದುಕರಿಗೆ ಎರೆದು ರೂಢಿಯಿಲ್ಲ, ಬಿದ್ದರೆ ನನ್ನ ಮೇಲೆ ಬರುತ್ತದೆ ಎಂದು ಮೊದಲು ಹಿಂದೆ ಮುಂದೆ ನೋಡಿದಳು. ನಾನು ಬಚ್ಚಲಿನ ಹೊರಗೇ ನಿಂತಿರುತ್ತೇನೆ, ಕೂಗದೆ ಒಳಗೆ ಬರುವುದಿಲ್ಲ, ಬಿದ್ದರೆ ನಿನ್ನ ಮೇಲೆ ಹಾಕುವುದಿಲ್ಲ ಎಂದ ಮೇಲೆ ಒಪ್ಪಿದಳು.

ಬಾಗಿಲ ಹೊರಗೆ ನಿಂತು ತಂಬಿಗೆ ಬೀಳುವ ಸದ್ದಿಗಾಗಿ ಕಾದೆ. ಬೀಳಲಿಲ್ಲ. ನೀರಿನ ಸದ್ದು ಮಾತ್ರ ಕೇಳಿತು. ಸ್ವಲ್ಪ ಹೊತ್ತಿಗೆ ಅತ್ತೆಯ ದನಿ.

"ಕೂಸು ಎಲ್ಲಿ?"

ಎಣ್ಣೆ, ಬಿಸಿನೀರು, ಎರೆಯುವ ಹೆಂಗಸು ಎಲ್ಲ ಸೇರಿ ಅತ್ತೆ ತಮ್ಮ ಹಳೆಯ ಬಾಣಂತನಕ್ಕೆ ಹೋಗಿದ್ದರು. ಆ ಹೆಂಗಸು ನನ್ನನ್ನು ಕೂಗಿದಳು. ಅತ್ತೆಗೆ ಹುಟ್ಟಿ ಉಳಿದದ್ದು ಒಬ್ಬ ಮಗ, ಒಬ್ಬ ಮಗಳು. ಮಗ ಆಗತಾನೆ ಕಬ್ಬಿನ ಹೊಲದಿಂದ ಬಂದು, ಐವತ್ತು ದಾಟಿದ ಮೈಯನ್ನು ಪಡಸಾಲೆಯಲ್ಲಿ ಚೆಲ್ಲಿ ಕೂತಿದ್ದರು. ಜಳಕ ಮುಗಿದು ಅತ್ತೆ ಒಣಸೀರೆ ಉಟ್ಟು ಹೊರಗೆ ಬಂದು ಮತ್ತೆ ಕೇಳಿದರು.

ಯಜಮಾನರು, "ನಾನಽ ಅವ್ವಾ. ಇಲ್ಲೇ ಅದೀನಿ," ಎಂದರು.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಭಾಳ ಬೆಳದೈತಿ," ಎಂದು ಹೇಳಿ ಊಟಕ್ಕೆ ಕೂತರು.

ಇದನ್ನು ನಾನು ಮುಂದಿನ ಸಭೆಯಲ್ಲಿ ಹೇಳಿದೆ. ಸಂಶೋಧನೆಯಲ್ಲಿ ಕೆಲವು ಸಂಗತಿಗಳು ಬದಲಾದವು. ಪರೀಕ್ಷೆಯ ಹೊತ್ತಿನಲ್ಲಿ ಮನೆಯವರು ಇರಬೇಕೋ ಬೇಡವೋ ಎಂದು ಆ ಹಿರಿಯರನ್ನೇ ಕೇಳುವುದು. ಕನ್ನಡವೋ ಮರಾಠಿಯೋ ಉರ್ದುವೋ ಎಂದೂ ಅವರನ್ನೇ ಕೇಳುವುದು. ರಾಜ್ಯ ಯಾವುದು ಎಂಬ ಪ್ರಶ್ನೆಯ ಜಾಗದಲ್ಲಿ ಊರು ಯಾವುದು ಎಂದಾಯಿತು. ನೆನಪಿನ ಅಂಕದ ಜೊತೆಗೆ, ಜಳಕ ಮತ್ತು ಊಟದ ಹೊತ್ತಿನಲ್ಲಿ ಮನೆ ಎಷ್ಟು ಶಾಂತವಾಗಿತ್ತು ಎಂಬುದನ್ನೂ ನೋಡುವುದೆಂದು ಆಯಿತು. ಆದರೆ ಎಲ್ಲ ಮನೆಗೂ ಎರೆಯುವ ಹೆಂಗಸನ್ನು ಕಳಿಸಿ ಎಂಬ ನನ್ನ ಮಾತನ್ನು ಡಾಕ್ಟರಮ್ಮ ಒಪ್ಪಲಿಲ್ಲ. ನಿಮ್ಮ ಅತ್ತೆಗೆ ಬೇಕಾದದ್ದು ಅದು, ಬೇರೆ ಅಜ್ಜಿಗೆ ಮಗಳೇ ಬೇಕಾಗಬಹುದು ಎಂದರು. ಹೌದು, ಪಾಲಬಾವಿಯ ಆ ಅಪ್ಪ ಮಗಳ ಕೈಯಿಂದಲ್ಲದೆ ಬೇರೆಯವರಿಂದ ನೀರು ಕೂಡ ಕುಡಿಯುತ್ತಿರಲಿಲ್ಲ. ಆದ್ದರಿಂದ ಆರೈಕೆ ಹೇಗೆಂದು ಹೇಳಿಕೊಡಲು ಮನೆಮನೆಗೆ ಹೋಗುವ ಕಾರ್ಯಕರ್ತೆಯರು ಮೊದಲು ಕೇಳಬೇಕು, ಆಮೇಲೆ ಹೇಳಬೇಕು ಎಂದು ನಿಶ್ಚಯವಾಯಿತು.

ಚೀಟಿ ಎತ್ತುವ ವಿಷಯಕ್ಕೆ ಮಾತ್ರ ದೊಡ್ಡ ಚರ್ಚೆಯಾಯಿತು. ಅರ್ಧ ಮನೆಗಳಿಗೆ ಕಾರ್ಯಕರ್ತೆ ಹೋಗುತ್ತಾಳೆ, ಉಳಿದರ್ಧಕ್ಕೆ ಆರೈಕೆಯ ವಿವರವಿರುವ ಒಂದು ಪುಸ್ತಕ ಮಾತ್ರ. ಯಾರಿಗೆ ಯಾವುದು ಎಂಬುದು ಚೀಟಿಯ ಮೇಲೆ. ಚಾಚಾ ಕೈ ಎತ್ತಿದರು.

"ಪುಸ್ತಕ ಬಂದವನ ಗತಿ ಏನ್ರಿ? ಅವನ ಹೆಂಡ್ತಿ ಪುಸ್ತಕ ಉಣ್ಣತಾಳೇನು?"

"ಚಾಚಾ, ಕಾರ್ಯಕರ್ತೆ ಹೋದ್ರೆ ಉಪಯೋಗ ಆಗುತ್ತೆ ಅಂತ ನಮಗೂ ಗೊತ್ತಿಲ್ಲ. ಎಲ್ಲರಿಗೂ ಒಟ್ಟಿಗೇ ಕೊಟ್ಟರೆ ಯಾವತ್ತೂ ಗೊತ್ತಾಗೋದೂ ಇಲ್ಲ."

ಚಾಚಾ ಗಡ್ಡ ನೀವಿಕೊಂಡರು. "ಡಾಕ್ಟರು ಗೊತ್ತಿಲ್ಲ ಅಂದಿದ್ದು ನಾ ಇವತ್ತಽ ಕೇಳಿದ್ದು. ಅದು ಚಲೋ ಆತು. ಮತ್ತ, ಗೊತ್ತಾದ ಮ್ಯಾಲ?"

"ಗೊತ್ತಾದ ಮೇಲೆ ಉಳಿದವರಿಗೂ ಕಳಿಸ್ತೀವಿ."

"ಅದನ್ನ ಮೊದಲಽ ಬರೀರಿ."

ಬರೆದರು. ಉಪಯೋಗವಾದರೆ, ಪುಸ್ತಕದ ಮನೆಗಳಿಗೂ ಆಮೇಲೆ ಕಾರ್ಯಕರ್ತೆ ಹೋಗಬೇಕು ಎಂದು. ಫಲಿತಾಂಶ ಬಂದ ಮೇಲೆ ಹೋದರು ಕೂಡ. ಹೋಗದಿದ್ದರೆ ಕೇಳಲು ಚಾಚಾ ಸಿದ್ಧರಾಗಿದ್ದರು. ಕೇಳುವ ಪ್ರಸಂಗವೇ ಬಾರದೆ ಸ್ವಲ್ಪ ನಿರಾಸೆಯಾದಂತೆ ಕಂಡರು.

ಫಲಿತಾಂಶವನ್ನು ಅದೇ ಶಾಲೆಯ ಕೋಣೆಯಲ್ಲಿ ಓದಿ ಹೇಳಿದರು, ಕನ್ನಡದಲ್ಲಿ, ಮರಾಠಿಯಲ್ಲಿ, ಚಾಚಿಗಾಗಿ ಉರ್ದುವಿನಲ್ಲಿ. ನೆನಪು ಯಾರದೂ ಸುಧಾರಿಸಿರಲಿಲ್ಲ. ಕಾರ್ಯಕರ್ತೆ ಹೋದ ಮನೆಗಳಲ್ಲಿ ಜಳಕ, ಊಟದ ಜಗಳ ಕಡಿಮೆಯಾಗಿತ್ತು. ನೋಡಿಕೊಳ್ಳುವವರ ನಿದ್ದೆ ಅಷ್ಟೇನೂ ಹೆಚ್ಚಿರಲಿಲ್ಲ. ಡಾಕ್ಟರಮ್ಮ ಇದನ್ನು ಮುಚ್ಚಿಡದೆ ಹೇಳಿದರು. ಅವತ್ತಿಗೆ ಸಂಶೋಧನೆ ಮುಗಿಯಿತು. ಕಾಯಿಲೆ ಮುಗಿದಿರಲಿಲ್ಲವಾದ್ದರಿಂದ ನಾವು ತಿಂಗಳಿಗೊಮ್ಮೆ ಸೇರುವುದನ್ನು ನಿಲ್ಲಿಸಲಿಲ್ಲ.

ಆ ಹೊತ್ತಿಗೆ ಅತ್ತೆ ಬಹಳ ಇಳಿದಿದ್ದರು. ಮಗನನ್ನು ಕೆಲವೊಮ್ಮೆ ಅಣ್ಣ ಎನ್ನುತ್ತಿದ್ದರು. ನನ್ನನ್ನು ಏನೂ ಎನ್ನುತ್ತಿರಲಿಲ್ಲ. ಒಂದು ದಿನ ಎರೆಯುವ ಹೆಂಗಸು ಮಗಳ ಬಾಣಂತನಕ್ಕೆ ರಾಯಬಾಗಕ್ಕೆ ಹೋದಳು. ಬದಲಿ ಯಾರೂ ಸಿಗಲಿಲ್ಲ. ಮೂರು ದಿನ ಒದ್ದೆ ಬಟ್ಟೆಯಲ್ಲಿ ಮುಖ ಕೈ ಒರೆಸಿ ನೂಕಿದೆ. ನಾಲ್ಕನೆಯ ದಿನ ಧೈರ್ಯ ಮಾಡಿ ನೀರು ಕಾಯಿಸಿದೆ, ತಂಬಿಗೆಯನ್ನು ಅತ್ತೆಯ ಕೈಗೆ ಸಿಗದ ಹಾಗೆ ಇಟ್ಟುಕೊಂಡೆ.

ಅತ್ತೆ ಮಣೆಯ ಮೇಲೆ ಕೂತು ತಾವೇ ಸೆರಗು ಬಿಟ್ಟರು.

"ಯಾರಕಿ ನೀ?"

ಸುಳ್ಳು ಹೇಳಬಾರದೆಂದು ಸಭೆಯಲ್ಲಿ ಬಹಳ ಸಲ ಚರ್ಚೆಯಾಗಿತ್ತು. "ಎರಿಯಾಕ ಬಂದೀನ್ರಿ," ಎಂದೆ. ಅದು ಸುಳ್ಳಲ್ಲ.

ಬೆನ್ನಿಗೆ ಎಣ್ಣೆ ಹಚ್ಚಿದೆ. ಎಲುಬು ಎಣಿಸುವಂತಿತ್ತು. ನೀರು ಹಾಕಿದಾಗ ಕಣ್ಣು ಮುಚ್ಚಿಕೊಂಡು, "ಕೈ ಮೆತ್ತಗ ಅದಾವ ನಿನ್ನವು," ಎಂದರು. ಅಷ್ಟು ವರ್ಷಗಳಲ್ಲಿ ನನ್ನ ಕೈ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು. ಆಮೇಲೆ ತಾವಾಗಿಯೇ, "ನಮ್ಮ ಮನ್ಯಾಗ ಸೊಸಿ ಅದಾಳ," ಎಂದರು.

"ಹೌದೇನ್ರಿ. ಹೆಂಗ ಅದಾಳ?"

"ಚಲೋದಾಳ. ಬಾಯಿ ಸ್ವಲ್ಪ ಜಾಸ್ತಿ." ಮುಖದ ನೀರು ಒರೆಸಿಕೊಂಡು, "ಭಾಳ ದಿನ ಆತು, ಕಂಡಿಲ್ಲ. ತವರಿಗೆ ಹೋಗ್ಯಾಳೇನೋ," ಎಂದರು.

ನಾನು ಇನ್ನೊಂದು ತಂಬಿಗೆ ಬಿಸಿನೀರು ಹಾಕಿದೆ. ಮೈ ಒರೆಸಿ, ಮೆತ್ತಗಿನ ಹಳೆಯ ಸೀರೆ ಉಡಿಸಿ, ಕೈ ಹಿಡಿದು ಕಟ್ಟೆಯ ಬಿಸಿಲಿಗೆ ತಂದು ಕೂರಿಸಿದೆ. ಹೊರಡಲು ಎದ್ದಾಗ ನನ್ನ ಸೀರೆಯ ತುದಿ ಹಿಡಿದರು.

"ಹಂಗಽ ಹೋಗಬ್ಯಾಡ. ಚಾ ಕುಡದು ಹೋಗು."

ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದೆ. ಅತ್ತೆ ಬಸಿಯಲ್ಲಿ ಹಾಕಿಕೊಂಡು ಊದಿ ಕುಡಿದರು. ನಾನು ಎದುರಿಗೆ ಕೂತು, ಕರೆದ ಮನೆಯಲ್ಲಿ ಕುಡಿಯುವವರ ಹಾಗೆ ನಿಧಾನವಾಗಿ ಕುಡಿದೆ.